ಮಳೆಗಾಲವೆಲ್ಲ ಕಟ್ಟಿಹಾಕಿದ ಮುಧೋಳ ನಾಯಿ: ಓಟಕ್ಕೆ ಬಿಡುವ ಮೊದಲು

ಪ್ರಶ್ನೆ: ನಮ್ಮದು ಜೇವರ್ಗಿ ತಾಲ್ಲೂಕಿನ ಹಳ್ಳಿ. ಮೂರು ವರ್ಷದ ಗಂಡು ಮುಧೋಳ ನಾಯಿ ಸಾಕಿದ್ದೇವೆ. ಮಳೆಗಾಲದಲ್ಲಿ ಅಂಗಳದಲ್ಲಿ ಕಟ್ಟಿಯೇ ಇರುತ್ತದೆ. ದೀಪಾವಳಿ ಮುಗಿದ ಮೇಲೆ ಗೆಳೆಯರ ಜೊತೆ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಮೊಲದ ಬ್ಯಾಟಿಗೆ ಬಿಡುವುದು ನಮ್ಮ ಕಡೆ ಹಳೇ ರೂಢಿ. ಹೋದ ವರ್ಷ ಮೊದಲ ದಿನವೇ ಓಡಿ ಬಂದು ಮಲಗಿಬಿಟ್ಟಿತು. ಎರಡು ದಿನ ಏಳಲಿಲ್ಲ. ಪಕ್ಕೆಲುಬು ಬೇರೆ ಕಾಣುತ್ತವೆ. ಈ ಸಲ ಮುಂಚಿತವಾಗಿ ಹೇಗೆ ತಯಾರು ಮಾಡಬೇಕು?

ಉತ್ತರ: ಮೊದಲು ಮೊಲದ ಮಾತು ಮುಗಿಸೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊಲದ ಬೇಟೆ ಅಪರಾಧ. ಕೊಂದರೆ ಮಾತ್ರ ಅಲ್ಲ, ನಾಯಿ ಬಿಟ್ಟು ಬೆನ್ನಟ್ಟಿಸಿದರೂ, ಹಿಡಿಯಲು ಯತ್ನಿಸಿದರೂ ಅದು ಬೇಟೆಯೇ. ಬೀದರ್ ಕಡೆ ಹೊಲಗಳಲ್ಲಿ ಕೃಷ್ಣಮೃಗಗಳೂ ಮೇಯುತ್ತವೆ. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುವುದು ಮುಧೋಳದ ರಕ್ತದಲ್ಲಿದೆ. ಅದು ಮೊಲವೋ ಜಿಂಕೆಯೋ ಎಂದು ನಾಯಿ ನೋಡುವುದಿಲ್ಲ. ಜೈಲಿನ ಪ್ರಶ್ನೆ ಬಂದಾಗ ಉತ್ತರ ಕೊಡಬೇಕಾದವರು ನೀವು. ಹಾಗಾಗಿ ಮೊಲದ ಬೇಟೆಗೆ ತಯಾರು ಮಾಡುವುದನ್ನು ನಾನು ಹೇಳಿಕೊಡುವುದಿಲ್ಲ. ಆದರೆ ನಿಮ್ಮ ನಾಯಿ ಓಡಲೇಬೇಕು. ಓಡದೆ ಕಟ್ಟಿಹಾಕಿದ ಮುಧೋಳ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹೊಲ ಕಾಯುವುದಕ್ಕೆ, ಓಟದ ಪಂದ್ಯಕ್ಕೆ, ಸುಮ್ನೆ ಅದರ ಖುಷಿಗೆ ಅದನ್ನು ಗಟ್ಟಿ ಮಾಡುವುದು ಹೇಗೆ ಎಂದು ಹೇಳುತ್ತೇನೆ.

ಹೋದ ವರ್ಷ ಆಗಿದ್ದೇನು? ನಾಲ್ಕು ತಿಂಗಳು ಸರಪಳಿಯಲ್ಲಿದ್ದ ನಾಯಿಯನ್ನು ಒಂದೇ ದಿನ ಪೂರ್ತಿ ವೇಗದಲ್ಲಿ ಬಿಟ್ಟಿರಿ. ಈ ಜಾತಿಯ ನಾಯಿ ಸುಸ್ತಾದರೂ ನಿಲ್ಲುವುದಿಲ್ಲ. ಮನಸ್ಸು ಓಡುತ್ತದೆ, ಸ್ನಾಯು ಒಡೆಯುತ್ತದೆ. ಒಡೆದ ಸ್ನಾಯುವಿನ ಬಣ್ಣ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಇಳಿಯುತ್ತದೆ. ಓಡಿ ಬಂದ ನಾಯಿಯ ಬೆನ್ನು, ತೊಡೆ ಕಲ್ಲಿನಂತೆ ಗಟ್ಟಿಯಾಗಿ, ಮುಟ್ಟಿದರೆ ನರಳುತ್ತಿದ್ದರೆ ಅದು ಹುಚ್ಚೆ ಹೊಯ್ಯುವಾಗ ಹೋಗಿ ನೋಡಿ. ಕಪ್ಪು ಚಹಾದ ಬಣ್ಣ ಇದ್ದರೆ ಬೆಳಗಾಗುವ ತನಕ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಒಯ್ದು ಸಲೈನ್ ಹಾಕಿಸಬೇಕು. ತಡವಾದರೆ ಮೂತ್ರಪಿಂಡ ಕೈಕೊಡುತ್ತದೆ. ನಿಮ್ಮದು ಎರಡು ದಿನದಲ್ಲಿ ಎದ್ದಿತಲ್ಲ, ಪುಣ್ಯ.

ಇದಕ್ಕೆ ಮದ್ದು ಒಂದೇ, ನಿಧಾನ. ಗಣೇಶ ಚೌತಿಗೆ ಶುರು ಮಾಡಿದರೆ ದೀಪಾವಳಿಗೆ ಸರಿಹೋಗುತ್ತದೆ. ಮೊದಲ ಎರಡು ವಾರ ಹಗ್ಗ ಹಿಡಿದು ಬೆಳಿಗ್ಗೆ 20 ನಿಮಿಷ, ಸಂಜೆ 20 ನಿಮಿಷ ಜೋರು ನಡಿಗೆ, ಅಷ್ಟೇ. ಆಮೇಲೆ ಎರಡು ವಾರ ಸೈಕಲ್ ಪಕ್ಕದಲ್ಲಿ ಮಣ್ಣಿನ ರಸ್ತೆಯ ಮೇಲೆ ಕುಕ್ಕುಲೋಟ, ಮೆಲ್ಲಗೆ 40 ನಿಮಿಷದ ತನಕ. ಡಾಂಬರು ಬೇಡ, ಪಾದ ಸುಲಿಯುತ್ತದೆ. ಐದನೇ ವಾರದಿಂದ 100 ಮೀಟರಿನ ಪೂರ್ತಿ ಓಟ, ದಿನಕ್ಕೆ ಎರಡೋ ಮೂರೋ ಸಲ. ಅದೂ ದಿನಾ ಅಲ್ಲ, ಮೂರು ದಿನಕ್ಕೊಮ್ಮೆ. ನಡುವಿನ ದಿನಗಳಲ್ಲಿ ಬರೀ ನಡಿಗೆ. ಸ್ನಾಯು ಕೂಡಿಕೊಳ್ಳುವುದು ಆ ದಿನಗಳಲ್ಲೇ.

ಪೂರ್ತಿ ಓಟಕ್ಕೆ ಮೊಲ ಬೇಕಿಲ್ಲ. ಹಳೇ ಸೈಕಲ್ಲಿನ ಹಿಂದಿನ ಗಾಲಿಯ ಟಯರು ಟ್ಯೂಬು ತೆಗೆದು, ಸೈಕಲ್ ತಲೆಕೆಳಗು ನಿಲ್ಲಿಸಿ. ಬರೀ ರಿಮ್ಮಿಗೆ ಉದ್ದನೆಯ ನೈಲಾನ್ ಹುರಿ ಕಟ್ಟಿ. ಹುರಿಯ ಇನ್ನೊಂದು ತುದಿಗೆ ಗೋಣಿಚೀಲದ ತುಂಡು ಕಟ್ಟಿ 100 ಮೀಟರ್ ಆಚೆ ಇಡಿ. ಅಲ್ಲಿ ಒಬ್ಬರು ನಾಯಿ ಹಿಡಿದು ನಿಲ್ಲಲಿ. ನೀವು ಪೆಡಲು ತಿರುಗಿಸಿದರೆ ಚೀಲ ನೆಲದ ಮೇಲೆ ಪುಟಿಯುತ್ತಾ ಓಡಿಬರುತ್ತದೆ. ಚೀಲ ನಾಲ್ಕು ಮಾರು ದೂರ ಹೋದ ಮೇಲೆ ನಾಯಿ ಬಿಡಿ. ಆಗ ಅದರ ಕಣ್ಣು ನೋಡಿ, ಮೊಲಕ್ಕೂ ಚೀಲಕ್ಕೂ ಅದಕ್ಕೆ ಭೇದವೇ ಇಲ್ಲ. ಕೊನೆಗೆ ಚೀಲ ಕಚ್ಚಿ ಜಗ್ಗಾಡಲು ಬಿಡಬೇಕು, ಇಲ್ಲದಿದ್ದರೆ ನಾಲ್ಕು ದಿನಕ್ಕೆ ಬೇಸರವಾಗುತ್ತದೆ. ಬರಿಗೈಯಲ್ಲಿ ಹುರಿ ಮುಟ್ಟಬೇಡಿ, ಬೆರಳು ಕೊಯ್ಯುತ್ತದೆ.

ಎಲ್ಲಿ ಓಡಿಸುತ್ತೀರಿ ಎಂಬುದೂ ಮುಖ್ಯ. ನಮ್ಮ ಎರಿ ಮಣ್ಣು ಹಸಿ ಇದ್ದಾಗ ಬೆರಳ ಸಂದಿಗೆ ಮೆತ್ತಿಕೊಂಡು ಒಣಗಿ ಗಟ್ಟಿಯಾಗುತ್ತದೆ. ಬೇಸಿಗೆಗೆ ಬಿರುಕು ಬಿಟ್ಟರೆ ಕಾಲು ಸಿಕ್ಕಿ ಮುರಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ತೊಗರಿ ಕೂಳೆ. ಕುಡುಗೋಲು ಓರೆಯಾಗಿ ಕೊಯ್ದಿರುವುದರಿಂದ ತುದಿ ಈಟಿಯಂತಿರುತ್ತದೆ. ಮುಧೋಳದ ಚರ್ಮ ತೆಳು, ವೇಗದಲ್ಲಿ ಬಂದರೆ ಎದೆಯಿಂದ ತೊಡೆಯ ತನಕ ಬಟ್ಟೆಯಂತೆ ಹರಿಯುತ್ತದೆ. ತೊಗರಿ ಕೊಯ್ದ ಹೊಲಕ್ಕೆ ದಯವಿಟ್ಟು ಬಿಡಬೇಡಿ. ಹೊಲಿಗೆ ಹಾಕಿಸುವ ಪ್ರಸಂಗ ಬಂದರೆ ಅರಿವಳಿಕೆ ಕೊಡುವ ಮೊದಲೇ ಡಾಕ್ಟರಿಗೆ ‘ಇದು ಮುಧೋಳ’ ಎಂದು ಬಾಯಿಬಿಟ್ಟು ಹೇಳಿ. ಈ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಕೆಲವು ಅರಿವಳಿಕೆ ಔಷಧಗಳ ಅಮಲು ಇಳಿಯಲು ಜಾಸ್ತಿ ಹೊತ್ತು ಬೇಕಾಗುತ್ತದೆ.

ಪಕ್ಕೆಲುಬಿನ ಚಿಂತೆ ಬಿಡಿ. ಕೊನೆಯ ಎರಡು ಮೂರು ಪಕ್ಕೆಲುಬು ಕಂಡರೆ ಮುಧೋಳಕ್ಕೆ ಅದೇ ಲಕ್ಷಣ. ಸೊಂಟದ ಮೂಳೆ, ಬೆನ್ನುಮೂಳೆ ಎದ್ದು ಕಂಡರೆ ಮಾತ್ರ ಯೋಚಿಸಿ. ಬರೀ ಜೋಳದ ರೊಟ್ಟಿ ಹಾಲು ಓಡುವ ನಾಯಿಗೆ ಸಾಲುವುದಿಲ್ಲ. ರೊಟ್ಟಿಯ ಜೊತೆ ದಿನಕ್ಕೆ ಎರಡು ಬೇಯಿಸಿದ ಮೊಟ್ಟೆ, ಬೇಯಿಸಿದ ಮಾಂಸ, ಬೇಳೆ ಇರಲಿ. ಬೇಳೆಯನ್ನು ಒಗ್ಗರಣೆ ಹಾಕುವ ಮೊದಲೇ ನಾಯಿಗೆ ಎತ್ತಿಡಿ, ಉಳ್ಳಾಗಡ್ಡಿ ನಾಯಿಯ ರಕ್ತ ಕೆಡಿಸುತ್ತದೆ. ಊಟಕ್ಕೂ ಓಟಕ್ಕೂ ನಡುವೆ ಮೂರು ನಾಲ್ಕು ತಾಸು ಅಂತರ ಬೇಕು. ಮುಧೋಳದಂಥ ಆಳ ಎದೆಯ ನಾಯಿ ಹೊಟ್ಟೆ ತುಂಬ ತಿಂದು ಓಡಿದರೆ ಜಠರ ತಿರುಚಿಕೊಳ್ಳುವ ಅಪಾಯವಿದೆ.

ಓಟ ಶುರುವಾಗುವ ಮೊದಲೇ ಒಮ್ಮೆ ತುಟಿ ಎತ್ತಿ ವಸಡು ನೋಡಿ. ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ವಸಡೇ ಬಿಳಚಿದ್ದರೆ ಉಣ್ಣಿ ಜ್ವರದ ಅನುಮಾನ. ಮಳೆಗಾಲದಲ್ಲಿ ಉಣ್ಣಿ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕೂತಿರುತ್ತವೆ. ಮೂಗಿನಿಂದ ರಕ್ತ, ಊಟ ಬಿಡುವುದು ಇದ್ದರೆ ರಕ್ತ ಪರೀಕ್ಷೆ ಆಗುವ ತನಕ ಓಡಿಸಲೇಬಾರದು. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ ತಪ್ಪಬಾರದು.

ಬಿಸಿಲು ಏರಿದ ಮೇಲೆ ಓಡಿಸಬೇಡಿ. ನಾಯಿಯ ಮೈ ಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 106 ದಾಟಿದರೆ ಜೀವಕ್ಕೆ ಕುತ್ತು. ನಾಲಿಗೆ ಕಡುಗೆಂಪಾಗಿ ತೂರಾಡಿದರೆ ಅಲ್ಲೇ ನೆರಳಿಗೆ ಒಯ್ದು ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸಿ, ಆಮೇಲೆ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಸುರಪುರ ಕಡೆ ಕುರಿ ಕಾಯುತ್ತೇವೆ. ಹಿಂಡಿನ ಜೊತೆ ಎರಡು ಬ್ಯಾಟಿ ನಾಯಿ ಇವೆ. ಚಳಿಗಾಲದ ವಲಸೆಗೆ ಹೊರಡುವ ಮೊದಲು ಕುರಿಯ ಜಂತಿನ ಔಷಧವನ್ನೇ ನಾಯಿಗೂ ಕುಡಿಸಿದರೆ ಸಾಕಾ?

ಉತ್ತರ: ಸಾಲುವುದಿಲ್ಲ. ನಿಮ್ಮ ಹಿಂಡಿನಲ್ಲಿ ತಲೆ ಓರೆ ಮಾಡಿಕೊಂಡು ಒಂದೇ ಕಡೆ ಗಿರಗಿರ ಸುತ್ತುವ ಕುರಿ ನೋಡಿದ್ದೀರಲ್ವಾ? ಅದರ ಮಿದುಳಲ್ಲಿ ನೀರಿನ ಗುಳ್ಳೆ ಬೆಳೆದಿರುತ್ತದೆ. ಆ ಗುಳ್ಳೆ ನಾಯಿಯ ಲಾಡಿಹುಳುವಿನ ಮರಿ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆದರೆ ಹುಳು ನಾಯಿಯ ಹೊಟ್ಟೆ ಸೇರುತ್ತದೆ. ನಾಯಿ ಹೇತ ಹುಲ್ಲಿನಿಂದ ಮೊಟ್ಟೆ ಮತ್ತೆ ಕುರಿಗೆ. ನಾಯಿಗೆ ಲಾಡಿಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯೇ ಬೇಕು, ಅದರ ತೂಕಕ್ಕೆ ತಕ್ಕಷ್ಟು, ಮೂರು ತಿಂಗಳಿಗೊಮ್ಮೆ. ಕುರಿಯ ಔಷಧವನ್ನು ಅಂದಾಜಿನಲ್ಲಿ ಕುಡಿಸಿದರೆ ವಿಷವಾಗಬಹುದು.

ಕುರಿಯ ಹಸಿ ತಲೆ, ಕರುಳು, ಪಿತ್ತಜನಕಾಂಗ ನಾಯಿಗೆ ಹಾಕಬೇಡಿ. ಕುದಿಸಿ ಹಾಕಿ, ಇಲ್ಲವೇ ಆಳವಾಗಿ ಹೂಳಿ. ಇನ್ನೊಂದು ಜಾತಿಯ ಲಾಡಿಹುಳು ನಾಯಿಯಿಂದ ಮನುಷ್ಯರ ಪಿತ್ತಜನಕಾಂಗಕ್ಕೂ ಬಂದು ಗುಳ್ಳೆ ಕಟ್ಟುತ್ತದೆ. ನಾಯಿ ಜೊತೆ ಆಡಿದ ಮಕ್ಕಳು ಸೋಪಿನಿಂದ ಕೈ ತೊಳೆದೇ ರೊಟ್ಟಿ ಮುಟ್ಟಬೇಕು. ಮಾತ್ರೆ ಕೊಟ್ಟ ಮೇಲೆ ಎರಡು ದಿನ ನಾಯಿಗಳನ್ನು ಒಂದೇ ಕಡೆ ಕಟ್ಟಿ, ಅಲ್ಲಿನ ಹೇಲು ಗೋರಿ ಸುಟ್ಟುಬಿಡಿ. ಆಮೇಲೆ ಹಿಂಡಿನ ಜೊತೆ ಬಿಡಿ.