ಈಜು ಬಾರದಿದ್ದರೂ ಹೋಗಬಹುದಾ?

ಈಜು ಅಷ್ಟಾಗಿ ಬರುವುದಿಲ್ಲ, ಕಡಲ ತೀರದ ಅಧ್ಯಯನ ಕೇಂದ್ರದಲ್ಲಿ ಒಂದು ಸೆಮಿಸ್ಟರ್ ಕಳೆಯಬಹುದಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಹೋಗಿ. ಡೈವಿಂಗ್ ಇದ್ದರೆ ಈಜು ಬೇಕೇ ಬೇಕು, ಅದೊಂದನ್ನು ಮೊದಲೇ ವಿಚಾರಿಸಿ. ಉಳಿದಂತೆ ಜಾಸ್ತಿ ಕೆಲಸ ಇಳಿತದ ಹೊತ್ತಿನಲ್ಲಿ, ಅಂದರೆ ಕಡಲ ನೀರು ಹಿಂದೆ ಸರಿದಾಗ, ಬಂಡೆಗಳ ಮೇಲೆ. ಚೌಕಟ್ಟು ಇಟ್ಟು ಅದರೊಳಗಿನ ಬಾರ್ನಕಲ್ (ಬಂಡೆಗೆ ಅಂಟಿಕೊಂಡಿರುವ ಗಟ್ಟಿ ಚಿಪ್ಪಿನ ಪುಟ್ಟ ಜೀವಿ), ಬಸವನಹುಳುಗಳನ್ನು ಒಂದೊಂದಾಗಿ ಎಣಿಸಬೇಕು.

ನಿಜವಾದ ಕಷ್ಟ ಟೈಮ್‌ಟೇಬಲ್‌ನದು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಬೆಳಗ್ಗೆ 7ಕ್ಕೆ ಶುರುವಾದ ಎಣಿಕೆ ಆರೇ ದಿನದಲ್ಲಿ ನಡುಮಧ್ಯಾಹ್ನಕ್ಕೆ ಜಾರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಇನ್ನೂ ದೂರ ಸರಿಯುತ್ತದೆ, ಆಗ ನಿದ್ದೆ ಮರೆತುಬಿಡಿ.

ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿ. ಪಾಚಿ ಜಾರಿಸುತ್ತದೆ, ಬಾರ್ನಕಲ್ ಬ್ಲೇಡಿನ ಹಾಗೆ ಕೊಯ್ಯುತ್ತದೆ. ನನ್ನ ಮೊಣಕಾಲಲ್ಲಿ ಇನ್ನೂ ಗುರುತಿದೆ! ಪೆನ್ನು ಸುಮ್ನೆ ದಂಡ, ಪೆನ್ಸಿಲ್ ಒಯ್ಯಿರಿ.