ಡಬ್ಬಿ ಕೊಟ್ಟವರು ಕೋಚ್, ನಿಷೇಧ ಹುಡುಗಿಗೆ

(ಇದನ್ನು ಆಕೆಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ವಯಸ್ಸು, ಊರು ಮತ್ತು ಗುರುತು ಸಿಗಬಹುದಾದ ಇತರ ವಿವರಗಳನ್ನು ಬದಲಿಸಿದ್ದೇನೆ.)

ಸವಿತಾಗೆ 20 ವರ್ಷ. 400 ಮೀಟರ್ ಓಟಗಾರ್ತಿ. ಉತ್ತರ ಕರ್ನಾಟಕದ ಹಳ್ಳಿಯವಳು, ಹೈಸ್ಕೂಲಿನಿಂದಲೂ ಕ್ರೀಡಾ ಹಾಸ್ಟೆಲ್‌ನಲ್ಲೇ ಬೆಳೆದಳು. ಏಷ್ಯಾ ಮಟ್ಟದ ಕೂಟದ ಶಿಬಿರದಲ್ಲಿದ್ದಾಗ ನಾಡಾದಿಂದ (ಉದ್ದೀಪನ ಮದ್ದು ತಡೆಯುವ ರಾಷ್ಟ್ರೀಯ ಸಂಸ್ಥೆ) ಪತ್ರ ಬಂತು. ಮೂತ್ರದ ಮಾದರಿಯಲ್ಲಿ ಅನಬಾಲಿಕ್ ಸ್ಟೆರಾಯ್ಡ್ (ಸ್ನಾಯು ಬಲ ಹೆಚ್ಚಿಸುವ ನಿಷೇಧಿತ ಮದ್ದು) ಸಿಕ್ಕಿದೆ, ತಕ್ಷಣದಿಂದಲೇ ತಾತ್ಕಾಲಿಕ ಅಮಾನತು ಅಂತ ಅದರಲ್ಲಿತ್ತು. ಅಮ್ಮನ ಜೊತೆ ಸಲಹೆ ಕೇಳಲು ನನ್ನ ಹತ್ತಿರ ಬಂದಾಗ ಅವಳಿಗೆ ಊಟ, ನಿದ್ದೆ ಎರಡೂ ಇರಲಿಲ್ಲ. ಫೋನ್ ಆಫ್ ಮಾಡಿಟ್ಟಿದ್ದಳು. "ಊರಾಗ ಏನಂತ ಮಾರಿ ತೋರಸ್ಲಿರಿ ಮೇಡಂ?" ಅನ್ನೋದು ಬಿಟ್ಟು ಬೇರೆ ಮಾತಿಲ್ಲ.

ಮೊದಲು ಕೇಳಬೇಕಾದ್ದನ್ನು ನೇರವಾಗಿಯೇ ಕೇಳಿದೆ. ಸಾಯಬೇಕು ಅನ್ನಿಸುತ್ತಿದೆಯಾ? ಹೌದು, ರಾತ್ರಿ ಹೊತ್ತು ಅನ್ನಿಸುತ್ತದೆ ಅಂದಳು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ರಾತ್ರಿ ಅವಳನ್ನು ಒಬ್ಬಳೇ ಮಲಗಲು ಬಿಡಬೇಡಿ ಅಂತ ಅಮ್ಮನಿಗೆ ಹೇಳಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರನ್ನು ಇಬ್ಬರ ಫೋನಿಗೂ ಹಾಕಿಸಿದೆ. ಅದೇ ವಾರ ಮನೋವೈದ್ಯರಿಗೂ ತೋರಿಸಿದೆವು. ನಿಯಮ, ನ್ಯಾಯದ ಮಾತೆಲ್ಲ ಆಮೇಲೆ.

ಎರಡನೇ ಭೇಟಿಯಲ್ಲಿ ಅವಳು ಪರೀಕ್ಷೆಯ ದಿನದ ಬಗ್ಗೆ ಹೇಳಿದಳು. ಮಾದರಿ ಕೊಡುವಾಗ ಒಬ್ಬ ಹೆಂಗಸು ಎದುರಿಗೇ ನಿಂತು ನೋಡಬೇಕು, ಅದು ನಿಯಮ. ಅಂಗಿ ಮೇಲೆತ್ತಿ, ಪ್ಯಾಂಟ್ ಮೊಣಕಾಲಿಗೆ ಇಳಿಸಿ ಕೂರಬೇಕು. ನಾಚಿಕೆಗೆ ಎಷ್ಟೋ ಹೊತ್ತು ಮೂತ್ರವೇ ಬರಲಿಲ್ಲವಂತೆ. ಆಮೇಲೆ ಒಂದು ಫಾರಂ. ಕಳೆದ ಏಳು ದಿನದಲ್ಲಿ ತೆಗೆದುಕೊಂಡ ಔಷಧಿ, ಪುಡಿ, ಮಾತ್ರೆ ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಸವಿತಾ ಬರೆದದ್ದು 'ಐರನ್ ಮಾತ್ರೆ' ಅಂತ ಮಾತ್ರ. ಲೇಬಲ್ ಇಲ್ಲದ ಬಿಳಿ ಡಬ್ಬಿಯಿಂದ ಕೋಚ್ ದಿನಾ ಕೊಡುತ್ತಿದ್ದ ಕ್ಯಾಪ್ಸೂಲನ್ನು ಬರೆಯಲಿಲ್ಲ. "ಅದು ರಿಕವರಿಗೆ, ಬರೆಯೋ ಅಗತ್ಯ ಇಲ್ಲ" ಅಂತ ಅವರೇ ಹೇಳಿದ್ದರು.

ತಿಂಗಳ ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ಕೇಳಿದೆ. ಐದಾರು ತಿಂಗಳಿಂದ ಆಗಿಲ್ಲ, ಪ್ರಾಕ್ಟೀಸ್ ಜಾಸ್ತಿ ಆಗಿದ್ದಕ್ಕೆ ಇರಬೇಕು ಅಂದುಕೊಂಡಿದ್ದಳು. ಕೂಡಲೇ ಸ್ತ್ರೀರೋಗ ತಜ್ಞೆಯ ಬಳಿಗೆ ಕಳಿಸಿದೆ. ಹೆಣ್ಣುಮಕ್ಕಳಿಗೆ ಈ ಸ್ಟೆರಾಯ್ಡ್‌ಗಳಿಂದ ಮುಟ್ಟು ನಿಲ್ಲಬಹುದು, ದನಿ ಗಡಸಾಗಬಹುದು. ಪದಕದ ಲೆಕ್ಕ ಹಾಕುವವರು ಇದನ್ನು ಯಾರೂ ಕೇಳುವುದಿಲ್ಲ, ಅದು ನನಗೆ ಬಹಳ ಸಂಕಟದ ವಿಷಯ.

ಅಷ್ಟರಲ್ಲಿ ಕೋಚ್‌ನಿಂದ ಮೆಸೇಜ್ ಬಂತು. "ಸುಮ್ನೆ ತಪ್ಪೊಪ್ಪಿಕೊಂಡು ಸಹಿ ಮಾಡು, ಒಂದು ವರ್ಷ ಕಡಿಮೆ ಆಗುತ್ತೆ. ನನ್ನ ಹೆಸರು ತರಬೇಡ." ಮಾತಿನಲ್ಲಿ ಅರ್ಧ ನಿಜ ಇತ್ತು. ಇಂಥ ಸ್ಟೆರಾಯ್ಡ್‌ಗೆ ನಾಲ್ಕು ವರ್ಷದ ನಿಷೇಧ. ಆರೋಪಪತ್ರ ಬಂದ 20 ದಿನದೊಳಗೆ ಒಪ್ಪಿಕೊಂಡರೆ ಅದು ಮೂರು ವರ್ಷಕ್ಕೆ ಇಳಿಯುತ್ತದೆ. ಆದರೆ ಬೇಕಂತಲೇ ತೆಗೆದುಕೊಂಡಿದ್ದಲ್ಲ ಅಂತ ತೋರಿಸಲು ಆದರೆ ಎರಡೇ ವರ್ಷ. ತೋರಿಸುವ ಹೊಣೆ ಮಾತ್ರ ಆಟಗಾರ್ತಿಯದೇ.

"ಟೆನಿಸ್‌ನವಗ ಮೂರ ತಿಂಗಳ, ನನಗ ನಾಲ್ಕ ವರ್ಷ ಏನ್ರಿ?" ಅಂತ ಕೇಳಿದಳು. ಯಾನಿಕ್ ಸಿನ್ನರ್ ವಿಷಯ. ಮಾರ್ಚ್ 2024ರಲ್ಲಿ ಅವರ ಮಾದರಿಯಲ್ಲಿ ಕ್ಲೊಸ್ಟೆಬಾಲ್ ಎಂಬ ಸ್ಟೆರಾಯ್ಡ್ ಸಿಕ್ಕಿತು. ಫಿಸಿಯೊ ತಮ್ಮ ಬೆರಳಿನ ಗಾಯಕ್ಕೆ ಅದು ಇದ್ದ ಸ್ಪ್ರೇ ಹಾಕಿಕೊಂಡು, ಬರಿಗೈಯಲ್ಲಿ ಮಸಾಜ್ ಮಾಡಿದ್ದರಿಂದ ಅದು ಮೈಗೆ ಹೋಯಿತು ಎಂಬ ವಿವರಣೆಯನ್ನು ಸ್ವತಂತ್ರ ಸಮಿತಿ ಒಪ್ಪಿತು. ವಾಡಾ (ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ) ಮೇಲ್ಮನವಿ ಹಾಕಿ, ಕೊನೆಗೆ ಫೆಬ್ರವರಿ 2025ರಲ್ಲಿ ಮೂರು ತಿಂಗಳಿಗೆ ರಾಜಿಯಾಯಿತು. ಸಿಕ್ಕ ಪ್ರಮಾಣ ತೀರಾ ಕಡಿಮೆ, ದಾರಿಯನ್ನೂ ತೋರಿಸಿದ್ದರು. ಹಾಗಾಗಿ ಅದು ಮೋಸದ ತೀರ್ಪು ಅಂತ ನಾನು ಹೇಳಲಾರೆ. ಆದರೆ ಒಳ್ಳೆಯ ವಕೀಲರು, ತಜ್ಞರು ಬೆನ್ನಿಗಿದ್ದವರಿಗೂ, ಡಬ್ಬಿಯ ಹೆಸರೇ ಗೊತ್ತಿಲ್ಲದ ಹಾಸ್ಟೆಲ್ ಹುಡುಗಿಗೂ ಸಾಬೀತು ಮಾಡುವ ಶಕ್ತಿ ಒಂದೇ ಅಲ್ವಾ ಅಂತ ಯಾರಾದರೂ ಕೇಳಿದರೆ, ಖಂಡಿತ ಅಲ್ಲ.

ಹತ್ತಿರದ ಉದಾಹರಣೆಯೂ ಇದೆ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದವರು. 2011ರಲ್ಲಿ ಅವರೂ ರಿಲೇ ಜೊತೆಗಾರ್ತಿಯರೂ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಆಯಿತು ಅಂದರು. ಇಲ್ಲಿನ ಸಮಿತಿ ಒಂದು ವರ್ಷ ನಿಷೇಧಿಸಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ನಿಷೇಧ ಮುಗಿದ ಮೇಲೆ ಅಶ್ವಿನಿ ಮತ್ತೆ ಟ್ರ್ಯಾಕಿಗೆ ಬಂದರು. ಸವಿತಾ ಆ ಕೊನೆಯ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿದಳು.

ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರರೇ ಹೊಣೆ ಅನ್ನುವ ನಿಯಮ ನನಗೆ ತಪ್ಪು ಅನ್ನಿಸುವುದಿಲ್ಲ. ಪಕ್ಕದ ಲೇನ್‌ನಲ್ಲಿ ಓಡಿ ನಾಲ್ಕನೆಯವಳಾದ ಹುಡುಗಿಯೂ ಯಾವುದೋ ಹಳ್ಳಿಯವಳೇ. ಇದನ್ನು ಸವಿತಾಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹುಡುಗಿ ತನಗೆ ಗೊತ್ತು ಅಂದಳು. ನನ್ನ ತಕರಾರು ಬೇರೆ. ಓಡುವವಳ ಮೇಲೆ ನಿಯಮ ಒಂದೇ ಪತ್ರದಲ್ಲಿ ಬೀಳುತ್ತದೆ. ಡಬ್ಬಿ ಕೊಟ್ಟವರ ಮೇಲೆ ಬೀಳಬೇಕಾದರೆ ಆ ಹುಡುಗಿಯೇ ಬಾಯಿ ಬಿಡಬೇಕು.

ಅವಳಿಗೆ ಅದೇ ಎಲ್ಲಕ್ಕಿಂತ ಕಷ್ಟವಾಗಿತ್ತು. "ಸರ್ ನಮ್ಮಪ್ಪ ಇದ್ದಂಗರಿ." ಓಟದ ಮೊದಲ ಸ್ಪೈಕ್ಸ್ ಶೂ ಕೊಡಿಸಿದ್ದು ಅವರು. ಅಪ್ಪ ತೀರಿಕೊಂಡಾಗ ಊರಿಗೆ ಬಂದು ನಿಂತವರೂ ಅವರೇ. ಅವರನ್ನು ಕೆಟ್ಟವರು ಅನ್ನು ಅಂತ ನಾನು ಒತ್ತಾಯ ಮಾಡಲಿಲ್ಲ. ಅವರು ಮಾಡಿದ ಉಪಕಾರವೂ ನಿಜ, ಡಬ್ಬಿಯೂ ನಿಜ, ಎರಡನ್ನೂ ಬೇರೆ ಬೇರೆ ಇಟ್ಟು ನೋಡು ಅಂದೆ. ಪೂರ್ವ ಜರ್ಮನಿಯ ಕಥೆ ಹೇಳಿದೆ. ಅಲ್ಲಿ ಎಳೆ ಹುಡುಗಿಯರಿಗೆ ಕೋಚ್‌ಗಳು ವಿಟಮಿನ್ ಅಂತ ಹೇಳಿ ನೀಲಿ ಮಾತ್ರೆ ನುಂಗಿಸುತ್ತಿದ್ದರು. ಅದು ಸ್ಟೆರಾಯ್ಡ್. ಬೆಳೆದು ದೊಡ್ಡವರಾದ ಆ ಹುಡುಗಿಯರು ಕೋರ್ಟಿಗೆ ಬಂದು ಮಾತಾಡಿದರು. 2000ದಲ್ಲಿ ಬರ್ಲಿನ್‌ನಲ್ಲಿ ಆ ದೇಶದ ಕ್ರೀಡಾ ಮುಖ್ಯಸ್ಥನಿಗೇ ಶಿಕ್ಷೆಯಾಯಿತು. "ಅವರ ಹಾಂಗ ಇನ್ನೂ ಎಷ್ಟ ಮಂದಿಗೆ ಕೊಟ್ಟಾರೋ" ಅಂತ ಸವಿತಾ ತನ್ನಷ್ಟಕ್ಕೆ ಅಂದಳು. ಹಾಸ್ಟೆಲ್‌ನಲ್ಲಿ ಅವಳಿಗಿಂತ ಚಿಕ್ಕವರು ಇದ್ದರು.

ನಾನು ಕೊಟ್ಟ ಸಲಹೆ ಇಷ್ಟು. ವಕೀಲರು ಓದುವ ತನಕ ಯಾವ ಕಾಗದಕ್ಕೂ ಸಹಿ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು, ಆದಾಯ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ಅಲ್ಲಿ ಕಾನೂನು ನೆರವು ಉಚಿತ. ಕೋಚ್‌ನ ಮೆಸೇಜುಗಳನ್ನು ಅಳಿಸಬೇಡ, ಉಳಿದ ಕ್ಯಾಪ್ಸೂಲ್ ಇದ್ದರೆ ಎಸೆಯಬೇಡ. ಫಾರಂನಲ್ಲಿ ಯಾಕೆ ಬರೆಯಲಿಲ್ಲ ಅನ್ನುವುದನ್ನೂ ಮುಚ್ಚಿಡದೆ ಹೇಳು. ಬೇರೆಯವರ ತಪ್ಪು ಬಯಲಾಗಲು ನೆರವಾದರೆ ನಿಷೇಧದ ಮುಕ್ಕಾಲು ಪಾಲಿನವರೆಗೆ ತಡೆಹಿಡಿಯಲು ಅವಕಾಶ ಇದೆ, ಆದರೆ ಅದಕ್ಕೋಸ್ಕರ ಇಲ್ಲದ್ದನ್ನು ಸೇರಿಸಬೇಡ. ತಂಡದ ಜೊತೆ ಅಭ್ಯಾಸ ಮಾಡುವಂತಿಲ್ಲ, ಒಬ್ಬಳೇ ಓಡುವುದಕ್ಕೆ ಯಾರೂ ಅಡ್ಡ ಬರುವಂತಿಲ್ಲ. ಕೆರೆ ಏರಿ ಮೇಲೆ ಬೆಳಿಗ್ಗೆ ಓಡು. ಬಿ.ಎ. ಪರೀಕ್ಷೆಗೆ ಫೀ ಕಟ್ಟು.

ಅಮ್ಮನಿಗೆ ಬೇರೆಯಾಗಿ ಹೇಳಿದ್ದು ಒಂದೇ ಮಾತು. ನೆಂಟರು ಕೇಳಿದರೆ, ಕೇಸ್ ನಡೆದಿದೆ, ಮಗಳು ಮನೆಯಲ್ಲಿದ್ದಾಳೆ ಅಂತ ತಲೆ ಎತ್ತಿ ಹೇಳಿ, ಅದಕ್ಕಿಂತ ಜಾಸ್ತಿ ವಿವರ ಕೊಡಬೇಕಿಲ್ಲ.

ಸವಿತಾ ಸಹಿ ಮಾಡಲಿಲ್ಲ. ವಿಚಾರಣೆಯಲ್ಲಿ ಹೆಸರು ಹೇಳಿದಳು, ಮೆಸೇಜ್ ತೋರಿಸಿದಳು. ಎರಡು ವರ್ಷದ ನಿಷೇಧ ಆಯಿತು, ಅಮಾನತಿನ ದಿನಗಳೂ ಅದರಲ್ಲೇ ಸೇರಿವೆ. ಕೋಚ್ ಮೇಲಿನ ತನಿಖೆ ಇನ್ನೂ ನಡೆಯುತ್ತಿದೆ. ಮುಟ್ಟು ಮತ್ತೆ ಶುರುವಾಗಿದೆ. ರಾತ್ರಿಯ ಆ ಯೋಚನೆ ಈಗ ಬರುವುದಿಲ್ಲ ಅನ್ನುತ್ತಾಳೆ. ಆದರೂ ತಿಂಗಳಿಗೊಮ್ಮೆ ಬಂದು ಹೋಗಲು ಹೇಳಿದ್ದೇನೆ, ಬರುತ್ತಿದ್ದಾಳೆ.