ಕಂಪ್ಯಾಟಿಬಲ್ ಕಾರ್ಟ್ರಿಡ್ಜ್ ತಗೊಳ್ಳಬಹುದಾ?

ಪ್ರಶ್ನೆ: ನಾನು ಬದಿಯಡ್ಕ ಕಡೆ ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಸಣ್ಣ ಕ್ಲಾಸಿನ ಮಕ್ಕಳಿಗೆ ವರ್ಕ್‌ಶೀಟ್ ನಾನೇ ಟೈಪ್ ಮಾಡಿ ಮನೆಯಲ್ಲೇ ಪ್ರಿಂಟ್ ತೆಗೆಯುತ್ತೇನೆ. ಪ್ರಿಂಟರ್ ಎಚ್‌ಪಿ 2135. ಪ್ರತಿ ಸಲ ಒರಿಜಿನಲ್ ಕಾರ್ಟ್ರಿಡ್ಜ್ ಹಾಕಿ ಪೂರೈಸುವುದಿಲ್ಲ. ಆನ್‌ಲೈನ್‌ನಲ್ಲಿ ಕಡಿಮೆ ರೇಟಿಗೆ 'ಕಂಪ್ಯಾಟಿಬಲ್' (ಕಂಪನಿಯದ್ದಲ್ಲ, ಅದರ ಬದಲಿಗೆ ಹಾಕುವಂಥದ್ದು) ಅಂತ ನೋಡಿ 803 ನಂಬರಿನದ್ದು ತರಿಸಿದೆ. ಹಾಕಿದರೆ ಎರರ್ ಬರುತ್ತದೆ. ಇಂಥದ್ದು ತಗೊಳ್ಳಲೇಬಾರದಾ?

ಉತ್ತರ: ತಗೊಳ್ಳಬಹುದು ಟೀಚರ್. ನಿಮಗೆ ಬಂದದ್ದು ಕೆಟ್ಟ ಮಾಲು ಅಂತ ಹೇಳಲಿಕ್ಕಾಗುವುದಿಲ್ಲ, ನಂಬರ್ ತಪ್ಪಿದೆ ಅಷ್ಟೇ. 2135ಕ್ಕೆ ಬೇಕಾದದ್ದು 680. ನೀವು ತರಿಸಿದ 803 ಬರುವುದು 2131, 2132ಕ್ಕೆ. ಪ್ರಿಂಟರ್‌ಗಳು ನೋಡಲಿಕ್ಕೆ ಅಕ್ಕ-ತಂಗಿಯರ ಹಾಗೆ, ಕಾರ್ಟ್ರಿಡ್ಜ್ ಮಾತ್ರ ಬೇರೆ. ತುಂಬ ಜನ ಇಲ್ಲೇ ತಪ್ಪುತ್ತಾರೆ. ಹಾಗಾಗಿ ಪ್ರಿಂಟರ್ ಮಾಡೆಲ್ ನೋಡಿ ಅಂದಾಜು ಮಾಡುವುದು ಬೇಡ, ಒಳಗಿರುವ ಹಳೆ ಕಾರ್ಟ್ರಿಡ್ಜ್ ತೆಗೆದು ಅದರ ಮೇಲಿನ ನಂಬರನ್ನು ಫೋನಲ್ಲಿ ಫೋಟೋ ಹೊಡೆದುಕೊಳ್ಳಿ. ಅಂಗಡಿಗೆ ಹೋದರೂ ಸರಿ, ಆನ್‌ಲೈನ್ ಆದರೂ ಸರಿ, ಆ ಫೋಟೋ ಸಾಕು.

ಇನ್ನು ಕೊಳ್ಳುವ ಮೊದಲು ಒಂದು ಮಾತು ಗೊತ್ತಿರಲಿ. ನಿಮ್ಮ ಪ್ರಿಂಟರಿನಲ್ಲಿ ಶಾಯಿ ಚಿಮ್ಮುವ ಹೆಡ್ ಇರುವುದು ಕಾರ್ಟ್ರಿಡ್ಜ್‌ನಲ್ಲೇ. ಹಾಗಾಗಿ 680ಕ್ಕೆ 'ಕಂಪ್ಯಾಟಿಬಲ್' ಅಂತ ಮಾರುವುದು ಹೆಚ್ಚಾಗಿ ಯಾರೋ ಬಳಸಿ ಬಿಟ್ಟ ಒರಿಜಿನಲ್ ಕಾರ್ಟ್ರಿಡ್ಜನ್ನೇ ತೊಳೆದು, ಮತ್ತೆ ಶಾಯಿ ತುಂಬಿ, ಹೊಸ ಸ್ಟಿಕ್ಕರ್ ಹಚ್ಚಿದ್ದು. ಅದು ಮೋಸ ಅಲ್ಲ. ಆದರೆ ನಿಮ್ಮ ಕೈಗೆ ಬರುವ ಹೆಡ್ ಮೊದಲು ಎಷ್ಟು ಸಲ ಖಾಲಿಯಾಗಿ ಒಣಗಿತ್ತೋ ಯಾರಿಗೆ ಗೊತ್ತು? ಈ ಹೆಡ್ ಶಾಯಿಯನ್ನು ಕಾಯಿಸಿ ಚಿಮ್ಮಿಸುತ್ತದೆ, ಶಾಯಿ ಮುಗಿದ ಮೇಲೂ ಪ್ರಿಂಟ್ ಕೊಡುತ್ತಾ ಹೋದರೆ ಒಳಗೇ ಸುಟ್ಟುಹೋಗುತ್ತದೆ. ಅದಕ್ಕೇ ನನ್ನ ಸಲಹೆ, ಅಪರಿಚಿತ ಕಾರ್ಟ್ರಿಡ್ಜ್ ತರಿಸುವ ಬದಲು ಒಂದು ಸಲ ಒರಿಜಿನಲ್ ಕಪ್ಪು ತಗೊಳ್ಳಿ, ಅಕ್ಷರ ಮಸುಕಾದ ಕೂಡಲೇ ನಿಲ್ಲಿಸಿ, ಅದನ್ನೇ ರೀಫಿಲ್ ಮಾಡಿಸಿ. ಬದಿಯಡ್ಕದಲ್ಲಿ ಮಾಡುವವರು ಸಿಗದಿದ್ದರೆ ಕಾಸರಗೋಡಿಗೋ ಮಂಗಳೂರಿಗೋ ಹೋದಾಗ ಕೊಂಡುಹೋಗಿ. ಎರಡು ಮೂರು ಸಲ ಧಾರಾಳ ನಡೆಯುತ್ತದೆ, ಹೆಡ್ ಯಾರ ಕೈಯಲ್ಲಿತ್ತು ಅನ್ನುವ ಚಿಂತೆಯೂ ಇಲ್ಲ.

ಕಂಪನಿ ಲೆಕ್ಕದಲ್ಲಿ 680 ಕಪ್ಪು ಸುಮಾರು 480 ಪುಟ, ಬಣ್ಣದ್ದು 150 ಪುಟ. ಪುಟದ ತುಂಬ ಚಿತ್ರ ಇದ್ದರೆ ಅಷ್ಟು ಬರುವುದಿಲ್ಲ, ಆ ಲೆಕ್ಕ ಹೆಚ್ಚಿನ ಜಾಗ ಖಾಲಿ ಇರುವ ಪುಟದ್ದು. ನಿಮಗೆ ಹೆಚ್ಚು ಖರ್ಚಾಗುವುದು ಕಪ್ಪೇ ಅಲ್ವಾ, ಬಣ್ಣದ್ದನ್ನು ಸುಮ್ನೆ ಜೊತೆಗೆ ತರಿಸಬೇಡಿ.

ಇಷ್ಟಾಗಿಯೂ ಸಿದ್ಧ ಮಾಲೇ ತಗೊಳ್ಳುವುದಾದರೆ ವಾಪಸ್ ತಗೊಳ್ಳುವ ಕಡೆಯೇ ತಗೊಳ್ಳಿ, ಬಂದ ದಿನವೇ ನೋಡಿಬಿಡಿ. ಟಿಶ್ಯೂ ಪೇಪರನ್ನು ಸ್ವಲ್ಪ ಒದ್ದೆ ಮಾಡಿ, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಡಿ. ಟೇಪ್ ಕಿತ್ತ ಕಾರ್ಟ್ರಿಡ್ಜ್‌ನ ತಳವನ್ನು ಅದರ ಮೇಲೆ ಮೆಲ್ಲಗೆ ಒತ್ತಿ ಎತ್ತಿ. ಕಪ್ಪಾದರೆ ಒಂದೇ ಗೆರೆ, ಎಲ್ಲೂ ತುಂಡಾಗದೆ ಬರಬೇಕು. ಬಣ್ಣದ್ದಾದರೆ ಮೂರು ಬಣ್ಣ ಬೇರೆ ಬೇರೆಯಾಗಿ ಕಾಣಬೇಕು, ಒಂದಕ್ಕೊಂದು ಕಲಸಿ ಕೆಸರಾಗಿದ್ದರೆ ವಾಪಸ್ ಕೊಡಿ. ಬೆನ್ನಿನ ತಾಮ್ರದ ಚುಕ್ಕೆಗಳಿಗೆ ಮಾತ್ರ ಬೆರಳು ತಾಗಿಸಬೇಡಿ.

ಆಮೇಲೆ ಒಂದು ಕಾಗದದಲ್ಲಿ 'ಸ್ತ್ರೀ', 'ರಾಷ್ಟ್ರ', 'ಕೃಷ್ಣ' ಅಂತ ಸಣ್ಣ ಅಕ್ಷರದಲ್ಲಿ ಪ್ರಿಂಟ್ ತೆಗೆಯಿರಿ. ಇಂಗ್ಲಿಷ್ ಅಕ್ಷರಕ್ಕೆ ನಡೆಯುವ ಶಾಯಿ ನಮ್ಮ ಒತ್ತಕ್ಷರಕ್ಕೆ ಸಾಲದೆ ಹೋಗಬಹುದು. ಶಾಯಿ ಹರಡಿದರೆ ಒತ್ತು, ಸುಳಿ ಎಲ್ಲ ಮುಚ್ಚಿಹೋಗಿ, ಈಗಷ್ಟೇ ಅಕ್ಷರ ಕಲಿಯುವ ಮಗುವಿಗೆ ಅದು ಬರೀ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಒಣಗಿದ ಮೇಲೆ ಒದ್ದೆ ಬೆರಳಲ್ಲಿ ಒರೆಸಿಯೂ ನೋಡಿ. ಒರಿಜಿನಲ್ ಕಪ್ಪು ಪಿಗ್ಮೆಂಟ್ ಶಾಯಿ, ಅಂದರೆ ಬಣ್ಣದ ನುಣ್ಣನೆ ಪುಡಿ ಬೆರೆಸಿದ್ದು, ಅಷ್ಟು ಸುಲಭಕ್ಕೆ ಕಲಸುವುದಿಲ್ಲ. ಅಗ್ಗದ ರೀಫಿಲ್‌ನಲ್ಲಿ ಎಷ್ಟೋ ಸಲ ಡೈ ಶಾಯಿ (ಬಣ್ಣ ಕರಗಿಸಿ ಮಾಡಿದ್ದು) ತುಂಬಿರುತ್ತಾರೆ, ನೀರು ಬಿದ್ದರೆ ಇಳಿದುಹೋಗುತ್ತದೆ. ಜೂನ್‌ನಲ್ಲಿ ನಮ್ಮಲ್ಲಿ ಶಾಲೆಯೂ ಮಳೆಯೂ ಒಟ್ಟಿಗೇ ಶುರು, ಮಕ್ಕಳ ಬ್ಯಾಗು ಒದ್ದೆಯಾಗದ ದಿನ ಇದೆಯಾ? ಹಾಗಾಗಿ ರೀಫಿಲ್‌ಗೆ ಕೊಡುವಾಗ 'ಪಿಗ್ಮೆಂಟ್ ಕಪ್ಪೇ ಹಾಕಿ' ಅಂತ ಬಾಯಿಬಿಟ್ಟು ಕೇಳಿ.

ರೀಫಿಲ್ ಆದ ಮೇಲೂ 'ಶಾಯಿ ಕಡಿಮೆ' ಅಂತ ತೋರಿಸುತ್ತದೆ. ಪ್ರಿಂಟರಿಗೆ ಹಳೆ ಲೆಕ್ಕವೇ ನೆನಪಿರುವುದು. ಓಕೆ ಒತ್ತಿ ಮುಂದುವರಿಸಿ.

ಪ್ರಶ್ನೆ: ನಮ್ಮಲ್ಲಿರುವುದು ಟ್ಯಾಂಕಿಗೆ ಶಾಯಿ ಸುರಿಯುವ ಪ್ರಿಂಟರ್, ಎಪ್ಸನ್ ಎಲ್ 3110. ಲೀಟರ್ ಲೆಕ್ಕದಲ್ಲಿ ಸಿಗುವ ಅಗ್ಗದ ಶಾಯಿ ಹಾಕಬಹುದಾ? – ಮಂಜೇಶ್ವರದ ಓದುಗರು

ಉತ್ತರ: ಬೇಡ. ಮೇಲೆ ಟೀಚರಿಗೆ ಹೇಳಿದ್ದು ನಿಮಗೆ ಉಲ್ಟಾ. ನಿಮ್ಮ ಹೆಡ್ ಇರುವುದು ಪ್ರಿಂಟರಿನಲ್ಲೇ. ಅವರ ಕಾರ್ಟ್ರಿಡ್ಜ್ ಕೆಟ್ಟರೆ ಒಂದು ಕಾರ್ಟ್ರಿಡ್ಜ್ ಹೋಯಿತು, ನಿಮ್ಮ ಹೆಡ್ ಕಟ್ಟಿಕೊಂಡರೆ ಪ್ರಿಂಟರೇ ಮೂಲೆ ಸೇರುತ್ತದೆ. ಹೇಗೂ ಕಂಪನಿಯ 003 ಕಪ್ಪು 65 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 4,500 ಪುಟ ಬರುತ್ತದೆ, ಅದಕ್ಕಿಂತ ಉಳಿಸಿ ಎಷ್ಟು ಉಳಿಸುತ್ತೀರಿ? ಬೇರೆಯದೇ ಹಾಕಬೇಕಾಗಿ ಬಂದರೆ ಡೈ ಶಾಯಿ ಮಾತ್ರ. ಮೇಲೆ ಹೊಗಳಿದೆ ಅಂತ ಪಿಗ್ಮೆಂಟ್ ಹಾಕಬೇಡಿ, ಈ ಹೆಡ್‌ಗೆ ಅದು ಆಗುವುದಿಲ್ಲ.

ಪ್ರಶ್ನೆ: ಏಪ್ರಿಲ್, ಮೇ ರಜೆ ಮುಗಿಸಿ ಬಂದು ನೋಡಿದರೆ ಪ್ರಿಂಟ್‌ನಲ್ಲಿ ಬಿಳಿ ಗೆರೆ. ಮಳೆ ಹಿಡಿದ ಮೇಲೆ ಕಾಗದವೂ ಸಿಕ್ಕಿಬೀಳುತ್ತದೆ. – ಮುಳ್ಳೇರಿಯದ ಓದುಗರು

ಉತ್ತರ: ಗೆರೆಗೆ ಕಾರಣ ಎರಡು ತಿಂಗಳು ಪ್ರಿಂಟ್ ತೆಗೆಯದೆ ಶಾಯಿ ಒಣಗಿದ್ದು. ಕಂಪ್ಯೂಟರಿನಲ್ಲಿ ಪ್ರಿಂಟರ್ ಸೆಟ್ಟಿಂಗಿಗೆ ಹೋಗಿ ಕ್ಲೀನಿಂಗ್ ಒಂದೆರಡು ಸಲ ಕೊಡಿ, ಸರಿಹೋಗದಿದ್ದರೆ ಒಂದು ರಾತ್ರಿ ಬಿಟ್ಟು ನೋಡಿ. ಮತ್ತೆ ಮತ್ತೆ ಒತ್ತಿದರೆ ಇರುವ ಶಾಯಿಯೂ ಅದಕ್ಕೇ ಖರ್ಚು. ಮುಂದಿನ ರಜೆಯಲ್ಲಿ ವಾರಕ್ಕೊಂದು ಬಣ್ಣದ ಪುಟ ತೆಗೆಯಲು ಮನೆಯಲ್ಲಿ ಯಾರಿಗಾದರೂ ಹೇಳಿಡಿ. ಕಾಗದ ಸಿಕ್ಕಿಬೀಳುವುದು ಶೀತ ಎಳೆದುಕೊಂಡದ್ದಕ್ಕೆ. ಬಂಡಲ್ ಬಿಚ್ಚಿದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡಿ, ಟ್ರೇಯಲ್ಲಿ ಆ ಹೊತ್ತಿಗೆ ಬೇಕಾದ ಹತ್ತು ಹದಿನೈದು ಹಾಳೆ ಮಾತ್ರ ಇರಲಿ.